ನಮ್ಮ ಸೈಕಲ್ಲಿಗೆ ನಮ್ಮದೇ ಪಾನಾ



ಇವತ್ತು ಪಾಠದ ಪುಸ್ತಕ ಪಕ್ಕಕ್ಕೆ ಇಡಿ. ಒಂದು ಸ್ಕೇಲು ಮಾತ್ರ ಕೈಯಲ್ಲಿ ಇರಲಿ. ಮಕ್ಕಳ ಕಂಪಾಸು ಪೆಟ್ಟಿಗೆಯ ಗಿಡ್ಡ ಸ್ಕೇಲು ಸಾಲದು. ಒಂದು ಅಡಿ ಉದ್ದದ ಸ್ಕೇಲು ಬೇಕು. ಯಾಕೆ ಅಂತ ಆಮೇಲೆ ಹೇಳ್ತೀವಿ.

ಇವತ್ತಿನ ಮಾತು ಸೈಕಲ್ ಬಗ್ಗೆ. ಹೋದ ವಾರ ಈ ವಿಷಯ ಎತ್ತಿದಾಗ ಒಬ್ಬ ಅಕ್ಕ ಕೇಳಿದರು. "ಟೀಚರ್, ಸೈಕಲ್ ರಿಪೇರಿ ಗಂಡಸರ ಕೆಲಸ ಅಲ್ವೇನ್ರಿ?" ನಾವು ತಿರುಗಿ ಕೇಳಿದೆವು. "ನಿಮ್ಮ ಮನೆ ಹೊಲಿಗೆ ಮಷೀನಿಗೆ ಎಣ್ಣೆ ಬಿಡೋರು ಯಾರು?" "ನಾನೇ" ಅಂದರು. "ಕುಕ್ಕರಿನ ರಬ್ಬರು ಹೋದರೆ ಬದಲಿಸೋರು ಯಾರು?" "ಅದೂ ನಾನೇ. ಇನ್ಯಾರು ಮಾಡ್ತಾರ್ರೀ?" ಅಂತ ನಕ್ಕರು. ಸವೆದ ರಬ್ಬರು ಯಾವುದು, ಸರಿ ಇರೋದು ಯಾವುದು ಅಂತ ನಿಮಗೆ ಮುಟ್ಟಿ ನೋಡಿದರೆ ಗೊತ್ತಾಗುತ್ತೆ. ಸೈಕಲ್ಲೂ ಹಂಗೇ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಅಕ್ಷರಕ್ಕೂ ಸೈಕಲ್ಲಿಗೂ ಹಳೆಯ ನಂಟು ಇದೆ. 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಲ್ಲಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು ಓದು ಬರಹದ ಜೊತೆಗೆ ಸೈಕಲ್ ಕಲಿಸೋದನ್ನೂ ಸೇರಿಸಿದರು. ಸಾವಿರಾರು ಹೆಂಗಸರು ಸೈಕಲ್ ಹತ್ತಿದರು. ಹೆಂಗಸರ ಸೈಕಲ್ ಸಾಲದೆ ಬಂದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಜನ ಆಡಿಕೊಂಡರು. ಆದರೂ ಅವರು ಇಳಿಯಲಿಲ್ಲ. ನಮ್ಮ ರಾಜ್ಯದಲ್ಲೂ 2006-07ರಲ್ಲಿ ಸರಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ಶುರುವಾಯಿತು. ಹಲವು ವರ್ಷ ಸೈಕಲ್ ಬಂದವು. ಆ ಸೈಕಲ್ಲುಗಳು ಈಗ ಎಲ್ಲಿವೆ? ನಾವು ಮನೆ ಮನೆಗೆ ಹೋದಾಗ ನೋಡಿದ್ದೀವಿ. ಎಷ್ಟೋ ಸೈಕಲ್ ಹಿತ್ತಲಿನಲ್ಲಿ ಗೋಡೆಗೆ ಒರಗಿ ನಿಂತಿವೆ. ಕೋಳಿ ಕೂರೋದಕ್ಕೆ ಆಗಿವೆ. ಗಾಲಿ ಗಟ್ಟಿ ಇದೆ. ಹ್ಯಾಂಡಲ್ ಗಟ್ಟಿ ಇದೆ. ಒಂದು ಸಣ್ಣ ಸಾಮಾನು ಸವೆದಿದೆ, ಅಷ್ಟೆ.

ಕಂಪ್ಲಿ ಕಡೆಯ ಒಂದು ಹಳ್ಳಿಯ ಮಾತು ಹೇಳ್ತೀವಿ. ಅಲ್ಲಿನ ಕಲಿಕಾ ಕೇಂದ್ರಕ್ಕೆ ಒಬ್ಬ ತಾಯಿ ಬರುತ್ತಿದ್ದರು. ಭತ್ತದ ಗದ್ದೆ ಕೂಲಿ ಮುಗಿಸಿ, ಕಾಲು ತೊಳೆದುಕೊಂಡು ಬಂದು ಕೂರೋರು. ಅವರ ಮಗಳು ಹೈಸ್ಕೂಲು. ಕಾಲುವೆ ದಂಡೆ ಮೇಲೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದಳು. ಆ ಸೈಕಲ್ಲಿನ ಚೈನು ದಿನಾ ಬೀಳೋದಕ್ಕೆ ಶುರುವಾಯಿತು. ಹುಡುಗಿ ದಾರಿಯಲ್ಲಿ ಕೂತು ಚೈನು ಹಾಕಿ, ಮಸಿ ಕೈಯಲ್ಲಿ ಶಾಲೆಗೆ ಹೋಗುತ್ತಿದ್ದಳು. ತಡ ಆಯಿತು ಅಂತ ಬೈಸಿಕೊಳ್ಳುತ್ತಿದ್ದಳು. ಒಂದು ಸಲ ಚೂಡಿದಾರದ ಕಾಲು ಸಿಕ್ಕಿ ಹರಿಯಿತು. ಅಂಗಡಿಯಲ್ಲಿ ಎರಡು ಸಲ ಹಿಂದಿನ ಗಾಲಿ ಎಳೆದು ಚೈನು ಬಿಗಿ ಮಾಡಿ ಕಳಿಸಿದರು. ವಾರ ಕಳೆಯೋದರೊಳಗೆ ಮತ್ತೆ ಅದೇ ಪಾಡು. ಕೊನೆಗೆ ಅಪ್ಪ ಅಂದರು, "ಇನ್ನ ಸಾಲಿ ಸಾಕು, ಮನ್ಯಾಗ ಇರ್ಲಿ." ಹುಡುಗಿ ಎಂಟು ದಿನ ಶಾಲೆಗೆ ಹೋಗಲಿಲ್ಲ.

ಆ ವಾರ ಕೇಂದ್ರದಲ್ಲಿ ನಾವು ಇಂಚಿನ ಪಾಠ ಮಾಡುತ್ತಿದ್ದೆವು. ಹಲಗೆ ಅಳೆಯೋದು, ಬಟ್ಟೆ ಅಳೆಯೋದು ಆಯಿತು. ಆ ತಾಯಿ ಕೇಳಿದರು, "ಚೈನು ಅಳೆದ್ರೆ ಏನಾದ್ರೂ ಗೊತ್ತಾಗ್ತೈತೇನ್ರಿ?"

ಗೊತ್ತಾಗುತ್ತೆ! ಅದಕ್ಕೇ ನಿಮ್ಮ ಕೈಯಲ್ಲಿ ಸ್ಕೇಲು ಕೊಟ್ಟಿರೋದು.

ಚೈನಿನಲ್ಲಿ ಒಂದರ ಪಕ್ಕ ಒಂದು ಪಿನ್ನು ಇವೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸರಿಯಾಗಿ ಅರ್ಧ ಇಂಚು. ಹಂಗಾದರೆ 24 ಅರ್ಧ ಇಂಚು ಸೇರಿದರೆ ಎಷ್ಟು? ಲೆಕ್ಕ ಹಾಕಿ. 12 ಇಂಚು. ಒಬ್ಬರು ಪೆಡಲ್ ಸ್ವಲ್ಪ ಒತ್ತಿ ಹಿಡಿಯಿರಿ. ಆಗ ಮೇಲಿನ ಚೈನು ಬಿಗಿಯಾಗುತ್ತೆ. ಇನ್ನೊಬ್ಬರು ಸ್ಕೇಲಿನ ಸೊನ್ನೆ ಗೆರೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. ಸ್ಕೇಲಿನ ತುದಿಯಲ್ಲ, ಸೊನ್ನೆ ಗೆರೆ. ಈಗ 12ರ ಗೆರೆ ನೋಡಿ. ಅದು ಇನ್ನೊಂದು ಪಿನ್ನಿನ ನಡುವಿಗೆ ಬಂದರೆ ಚೈನು ಚೆನ್ನಾಗಿದೆ. ಪಿನ್ನು ಗೆರೆ ದಾಟಿ ಆಚೆ ಹೋಗಿದ್ದರೆ ಚೈನು ಸವೆದಿದೆ.

ಎಷ್ಟು ಆಚೆ ಹೋದರೆ ಕೆಟ್ಟದ್ದು? ಒಂದು ಇಂಚನ್ನು ಎಂಟು ಪಾಲು ಮಾಡಿ. ಅದರಲ್ಲಿ ಒಂದು ಪಾಲಿಗೆ ಬಡಗಿಗಳು, ಗಾರೆ ಕೆಲಸದವರು ಒಂದು ನೂಲು ಅಂತಾರೆ. ಅರ್ಧ ನೂಲು ದಾಟಿದ್ದರೆ ಹೊಸ ಚೈನಿಗೆ ದುಡ್ಡು ಕೂಡಿಡಿ. ಒಂದು ನೂಲು ದಾಟಿದ್ದರೆ ಬದಲಿಸಲೇಬೇಕು.

ಚೈನು ರಬ್ಬರಿನ ಹಂಗೆ ಹಿಗ್ಗುತ್ತಾ? ಇಲ್ಲ. ಪಿನ್ನೂ ಸವೆಯುತ್ತೆ, ಪಿನ್ನಿನ ತೂತೂ ಸವೆಯುತ್ತೆ. ಒಂದೊಂದು ಕಡೆ ಕೂದಲೆಳೆಯಷ್ಟು ಸಂದಿ ಬೀಳುತ್ತೆ. ಎಲ್ಲಾ ಸಂದಿ ಸೇರಿ ಚೈನು ಉದ್ದ ಆಗುತ್ತೆ. ಉದ್ದ ಆದ ಚೈನು ಹಲ್ಲಿನ ಬುಡದಲ್ಲಿ ಕೂರೋದಿಲ್ಲ. ಹಲ್ಲಿನ ಮೇಲೆ ಹತ್ತುತ್ತೆ, ಜಾರುತ್ತೆ. ಹಲ್ಲನ್ನೂ ಸವೆಸುತ್ತೆ. ಹಿಂದಿನ ಫ್ರೀವೀಲಿನ ಹಲ್ಲು ನೋಡಿ. ಹೊಸದರಲ್ಲಿ ಎರಡೂ ಕಡೆ ಒಂದೇ ಸಮ ಇರುತ್ತೆ. ಸವೆದದ್ದು ಕುಡುಗೋಲಿನ ತುದಿ ಥರ ಒಂದು ಕಡೆ ಬಾಗಿರುತ್ತೆ.

ಆ ತಾಯಿ ಮನೆಗೆ ಹೋಗಿ ಮಗಳ ಸ್ಕೇಲಿನಲ್ಲಿ ಅಳೆದರು. ಒಂದು ನೂಲಿಗಿಂತ ಜಾಸ್ತಿ ಬಂತು. ಹಲ್ಲೂ ಬಾಗಿತ್ತು. ಗಾಲಿ ಎಷ್ಟು ಎಳೆದು ಕಟ್ಟಿದರೂ ಆ ಚೈನು ಬೀಳೋದೇ! ಅವರು ತಾವೇ ಅಂಗಡಿಗೆ ಹೋಗಿ, "ಚೈನೂ ಬೇಕು, ಫ್ರೀವೀಲೂ ಬೇಕು, ಎರಡೂ ಬದಲಿಸ್ರಿ" ಅಂದರು. ಅಂಗಡಿಯವರು ಒಂದು ಗಳಿಗೆ ಮುಖ ನೋಡಿದರಂತೆ. ಚೈನಿನ ಡಬ್ಬಿ ಮೇಲೆ 1/2 × 1/8 ಅಂತ ಬರೆದಿತ್ತು. ಅದನ್ನು ಓದಿದ ಮೇಲೇ ದುಡ್ಡು ಕೊಟ್ಟರಂತೆ. ಸೋಮವಾರ ಆ ಹುಡುಗಿ ಪ್ರಾರ್ಥನೆಗೆ ಮೊದಲೇ ಶಾಲೆಯಲ್ಲಿದ್ದಳು.

ಒಂದು ಮಾತು ನೆನಪಿಡಿ. ಅರ್ಧ ನೂಲಿಗೇ ಚೈನು ಬದಲಿಸಿದರೆ ಚೈನಿನ ಖರ್ಚು ಮಾತ್ರ. ಬಿಟ್ಟರೆ ಫ್ರೀವೀಲೂ ಹೋಗುತ್ತೆ, ಮುಂದಿನ ಚಕ್ರದ ಹಲ್ಲೂ ಹೋಗುತ್ತೆ. ಬಾಗಿದ ಹಲ್ಲಿಗೆ ಹೊಸ ಚೈನು ಹಾಕಿದರೆ ಹೊಸದೂ ಜಾರುತ್ತೆ. ಫ್ರೀವೀಲ್ ಬಿಚ್ಚೋದಕ್ಕೆ ಬೇರೆ ಸಾಮಾನು ಬೇಕು, ಬಹಳ ಬಲ ಬೇಕು. ಅದು ಅಂಗಡಿಯ ಕೆಲಸ. ಅದರಲ್ಲಿ ನಾಚಿಕೆ ಏನೂ ಇಲ್ಲ. ಏನು ಸವೆದಿದೆ ಅಂತ ನೀವು ಹೇಳಬೇಕು, ಅಷ್ಟೆ.

ಸಂಡೂರಿನ ಅಕ್ಕಂದಿರು ಕೈ ಎತ್ತಿದ್ದಾರೆ. ಗೊತ್ತು, ನಿಮ್ಮದು ಧೂಳಿನ ಪ್ರಶ್ನೆ. ಗಣಿ ಲಾರಿ ಓಡಾಡೋ ದಾರಿಯಲ್ಲಿ ಮುಖ ಕೆಂಪು, ಸೀರೆ ಕೆಂಪು, ಚೈನೂ ಕೆಂಪು. ಅದಿರಿನ ಧೂಳು ಬರೀ ಮಣ್ಣಲ್ಲ. ಗಟ್ಟಿ ಕಲ್ಲಿನ ಪುಡಿ ಅದು. ಬೀಸೋ ಕಲ್ಲಿಗೆ ಮರಳು ಬಿದ್ದರೆ ಏನಾಗುತ್ತೆ? ಚೈನಿನೊಳಗೂ ಅದೇ ಆಗುತ್ತೆ. ಧೂಳಿನ ಮೇಲೆ ಎಣ್ಣೆ ಸುರಿದರಂತೂ ಇನ್ನೂ ಕೇಡು. ಎಣ್ಣೆ, ಧೂಳು ಎರಡೂ ಕಲಸಿ ಉಜ್ಜೋ ಪುಡಿ ಆಗುತ್ತೆ. ಚೈನನ್ನು ಅದೇ ತಿನ್ನುತ್ತೆ.

ಅದಕ್ಕೆ ಮೊದಲು ಒಣ ಬಟ್ಟೆಯಿಂದ ಚೈನು ಒರೆಸಿ. ಹಳೆ ಹಲ್ಲುಜ್ಜೋ ಬ್ರಷ್ಷಿಗೆ ಸೀಮೆಎಣ್ಣೆ ಇಲ್ಲ ಡೀಸೆಲ್ ಹಚ್ಚಿ ತಿಕ್ಕಿ. ಒಲೆಯ ಹತ್ತಿರ ಬೇಡ, ಅಂಗಳದಲ್ಲಿ ಮಾಡಿ. ಚೆನ್ನಾಗಿ ಆರಲಿ. ಆಮೇಲೆ ಒಂದೊಂದು ಪಿನ್ನಿಗೆ ಒಂದೊಂದು ಹನಿ ಮಷೀನ್ ಎಣ್ಣೆ. ಪೆಡಲ್ ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ. ಎಣ್ಣೆ ಒಳಗೆ ಇಳಿಯಲಿ. ಈಗ ಹೊರಗಿನ ಎಣ್ಣೆ ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ಬೇಕಾದ್ದು ಒಳಗೆ. ಹೊರಗೆ ಉಳಿದರೆ ಧೂಳಿಗೆ ಕರೆ ಕೊಟ್ಟಂಗೆ. ಅಡುಗೆ ಎಣ್ಣೆ ಮಾತ್ರ ಬೇಡವೇ ಬೇಡ. ಶೇಂಗಾ ಎಣ್ಣೆ ನಾಲ್ಕು ದಿನಕ್ಕೆ ಅಂಟಾಗುತ್ತೆ. ಇರುವೆ ಬರುತ್ತೆ ಅನ್ನೋದು ಬೇರೆ ಮಾತು.

ಈಗ ಬ್ರೇಕಿನ ವಿಷಯ. ಇದನ್ನು ಹೇಳೋವಾಗ ನಮಗೆ ಈಗಲೂ ಮೈ ನಡುಗುತ್ತೆ. ತಪ್ಪು ನಮ್ಮದೇ.

ಒಂದು ಭಾನುವಾರ ಮಗನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕಮಲಾಪುರದಿಂದ ಹಂಪಿಗೆ ಹೊರಟೆವು. ಹಿಂದಿನ ದಿನವಷ್ಟೇ ಮುಂದಿನ ಬ್ರೇಕಿನ ರಬ್ಬರು ಬದಲಿಸಿದ್ದೆವು. ನಾವೇ ಬದಲಿಸಿದೆವು ಅಂತ ಮನೆಯವರ ಮುಂದೆ ಬೀಗಿದ್ದೂ ಆಗಿತ್ತು. ಕೃಷ್ಣ ದೇವಸ್ಥಾನ ದಾಟಿದೆವು. ಕಡಲೆಕಾಳು ಗಣೇಶನ ಹತ್ತಿರದಿಂದ ವಿರೂಪಾಕ್ಷ ಗುಡಿ ಕಡೆಗೆ ಇಳಿಜಾರು ಇದೆಯಲ್ಲ, ಅಲ್ಲಿ ಬ್ರೇಕು ಹಿಡಿದೆವು. ಕಿರ್ ಅಂತ ಸದ್ದು. ಹೊಸ ರಬ್ಬರು ಜಾರಿ ಮುಂದಕ್ಕೆ ಬಿದ್ದು ಹೋಯಿತು! ಬರೀ ಕಬ್ಬಿಣ ರಿಮ್ಮಿಗೆ ಉಜ್ಜಿತು. ಹಿಂದಿನ ಬ್ರೇಕು ಇತ್ತು, ಪುಣ್ಯ. ಆದರೂ ರಸ್ತೆ ಪಕ್ಕಕ್ಕೆ ಬಿದ್ದೆವು. ಮಗನ ಮೊಣಕಾಲು ಕೆತ್ತಿ ಹೋಯಿತು. ಅವನು ಅಳಲಿಲ್ಲ. ನಾವೇ ಅತ್ತೆವು.

ಏನು ತಪ್ಪಾಗಿತ್ತು? ರಬ್ಬರು ಕೂರೋ ಕಬ್ಬಿಣದ ಗೂಡಿಗೆ ಒಂದು ಕಡೆ ಮುಚ್ಚಿರುತ್ತೆ, ಇನ್ನೊಂದು ಕಡೆ ತೆರೆದಿರುತ್ತೆ. ಬ್ರೇಕು ಹಿಡಿದಾಗ ತಿರುಗೋ ಗಾಲಿ ರಬ್ಬರನ್ನು ತನ್ನ ಜೊತೆ ಎಳೆಯುತ್ತೆ. ಎಳೆಯೋ ಕಡೆ ಗೂಡು ಮುಚ್ಚಿರಬೇಕು. ನಾವು ಉಲ್ಟಾ ಹಾಕಿದ್ದೆವು. ಚೈನಿನ ಲಾಕೂ ಹಂಗೇ. ಅದರ ಮುಚ್ಚಿದ ಮುಖ ಚೈನು ಓಡೋ ದಿಕ್ಕಿಗೆ ಇರಬೇಕು. ಉಲ್ಟಾ ಹಾಕಿದರೆ ಯಾವುದಕ್ಕಾದರೂ ತಾಗಿ ಕಳಚಿಕೊಳ್ಳುತ್ತೆ.

ಬ್ರೇಕ್ ರಬ್ಬರಿನ ಮೇಲೆ ಗೀರು ಇರುತ್ತೆ. ಗೀರು ಅಳಿಸಿ ನುಣ್ಣಗೆ ಆದರೆ ಬದಲಿಸಿ. ಸೈಕಲ್ಲಿನಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು. ರಿಮ್ಮಿಗೆ ಎಣ್ಣೆ ತಾಗಬಾರದು. ಮಳೆಯಲ್ಲಿ ಕಬ್ಬಿಣದ ರಿಮ್ಮು ಒದ್ದೆಯಾದರೆ ಬ್ರೇಕು ಬೇಗ ಹಿಡಿಯೋದಿಲ್ಲ. ದೂರದಿಂದಲೇ ಹಿಡಿಯುತ್ತಾ ಬನ್ನಿ. ಏನೇ ಬದಲಿಸಿದರೂ ಹತ್ತುವ ಮೊದಲು ಸೈಕಲ್ ತಳ್ಳಿ, ಎರಡೂ ಬ್ರೇಕು ಜೋರಾಗಿ ಹಿಡಿದು ನೋಡಿ. ನಾವು ಅವತ್ತು ಇಷ್ಟು ಮಾಡಿದ್ದರೆ ಅಂಗಳದಲ್ಲೇ ಗೊತ್ತಾಗುತ್ತಿತ್ತು.

ಟಯರಿಗೆ ಬರೋಣ. ಟಯರಿನ ಮೈಮೇಲೆ ಅಂಕಿ ಇದೆ. ನೀವೇ ಓದಿ. ದೊಡ್ಡ ಹಳೇ ಸೈಕಲ್ಲಿನಲ್ಲಿ 28 × 1 1/2 ಅಂತ ಇರುತ್ತೆ. ಹೆಂಗಸರ ಸೈಕಲ್ಲಿನಲ್ಲಿ ಬಹಳ ಮಟ್ಟಿಗೆ 26 × 1 3/8. ಮೊದಲ ಅಂಕಿ ಒಂದೇ ಇದ್ದರೆ ಸಾಕು ಅಂತ ತಿಳಿಯಬೇಡಿ. 26 × 1 1/2 ಅಂತ ಇರೋ ಟಯರು 26 × 1 3/8 ರಿಮ್ಮಿಗೆ ಕೂರೋದಿಲ್ಲ. ಹಳೇ ಟಯರಿನ ಅಂಕಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಟಯರಿನಲ್ಲಿ ದಾರ ಕಂಡರೆ ಅದರ ಕಾಲ ಮುಗಿಯಿತು. ನಮ್ಮ ಕಡೆಯ ಬಿಸಿಲಿಗೆ ಓಡಿಸದೇ ಇಟ್ಟ ಟಯರೂ ಬಿರುಕು ಬಿಡುತ್ತೆ. ನೆರಳಿನಲ್ಲಿ ನಿಲ್ಲಿಸಿ.

ಗಾಳಿ ಇಳಿದರೆ ಪಂಕ್ಚರ್ ಅಂತ ಅಂಗಡಿಗೆ ಓಡಬೇಡಿ. ಮೊದಲು ವಾಲಿನ ಬಾಯಿಗೆ ಒಂದಿಷ್ಟು ಉಗುಳು ಹಚ್ಚಿ. ಗುಳ್ಳೆ ಬಂದರೆ ಒಳಗಿನ ವಾಲ್ ಟ್ಯೂಬು ಹೋಗಿದೆ. ಅದು ಬೆರಳಿನಷ್ಟೂ ಇಲ್ಲದ ರಬ್ಬರಿನ ನಳಿಗೆ. ನಿಮಿಷದಲ್ಲಿ ಬದಲಿಸಬಹುದು. ನಿಜವಾಗಿ ಪಂಕ್ಚರ್ ಆಗಿದ್ದರೆ ಮುಳ್ಳು ಹುಡುಕಿ. ನಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿಗೆ ಬರವಿಲ್ಲ. ಟ್ಯೂಬಿಗೆ ತೇಪೆ ಹಾಕಿ ಮುಳ್ಳನ್ನು ಟಯರಿನಲ್ಲೇ ಬಿಟ್ಟರೆ ನಾಳೆ ಮತ್ತೆ ತೂತು. ಟಯರಿನ ಒಳಗೆ ಬಟ್ಟೆ ಆಡಿಸಿ. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿರುತ್ತೆ.

ಪೆಡಲ್ ಬದಲಿಸೋದು ಸುಲಭ. ಒಂದೇ ಒಂದು ಗುಟ್ಟು. ಬಲಗಡೆ ಪೆಡಲ್ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ಬಿಗಿಯಾಗುತ್ತೆ. ಎಡಗಡೆಯದು ಅದಕ್ಕೆ ಉಲ್ಟಾ. ಇದು ತಿಳಿಯದೆ ಬಲವಾಗಿ ತಿರುಗಿಸಿ ಮರೆ ಕೆಡಿಸಿದವರು ಬಹಳ ಜನ, ಗಂಡಸರೂ ಇದ್ದಾರೆ.

ಹೊಸಪೇಟೆಯಿಂದ ಬಂದ ತಂಗಿಯರು ಎರಡು ಪಾನಾ, ಒಂದು ಪಂಪು ತಂದಿದ್ದಾರೆ. ನಮ್ಮ ಹತ್ತಿರ ಎಣ್ಣೆ, ಬ್ರಷ್ಷು, ಹಳೆ ಬಟ್ಟೆ ಇದೆ. ಹೊರಗೆ ಬೇವಿನ ಮರದ ಕೆಳಗೆ ಐದು ಸೈಕಲ್ ನಿಂತಿವೆ. ಸೀರೆ ಸೆರಗು ಸಿಕ್ಕಿಸಿಕೊಳ್ಳಿ. ಮೊದಲು ಆ ಮೂಲೆಯ ಕೆಂಪು ಸೈಕಲ್ಲಿನ ಚೈನು ಅಳೆಯೋಣ. ಸೊನ್ನೆ ಗೆರೆ ಯಾರು ಹಿಡೀತೀರಿ?