ಆಟ ಕಟ್ಟುವ ವಿದ್ಯೆ ಮತ್ತು ನಮ್ಮ ಯುವಕರು

(ಬಾಂದ್ರಾ ಪೂರ್ವದಲ್ಲಿ ಸೇರಿದ್ದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಹಗಲು ದುಡಿದು ರಾತ್ರಿ ಓದುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೇ ಮೊದಲಾಗಿ ನಮ್ಮವರ ಸಂಸ್ಥೆಗಳು ಇಲ್ಲಿ ರಾತ್ರಿಶಾಲೆಗಳನ್ನು ನಡೆಸಿದವು. ಹೋಟೆಲಿನಲ್ಲಿ ಲೋಟ ತೊಳೆದ ಕೈಗಳೇ ಅಲ್ಲಿ ಪೆನ್ನು ಹಿಡಿದು ಪರೀಕ್ಷೆ ಪಾಸು ಮಾಡಿದವು.

ಇಂದು ಆ ಶಾಲೆ ಅಂಗೈಯ ಫೋನಿಗೇ ಬಂದಿದೆ. ಬಾಂದ್ರಾ-ಕುರ್ಲಾ ಸಂಕೀರ್ಣದ ಕ್ಯಾಂಟೀನುಗಳಲ್ಲಿ, ಕಚೇರಿಗಳಲ್ಲಿ ದುಡಿಯುವ ನಮ್ಮ ಹುಡುಗರು ರಾತ್ರಿ ವಿಡಿಯೋ ಪಾಠ ನೋಡಿ ಕಂಪ್ಯೂಟರ್ ಆಟ ಕಟ್ಟುವ ವಿದ್ಯೆ ಕಲಿಯಹೊರಟಿದ್ದಾರೆ. ಹಿರಿಯರು ಇದನ್ನು ಕೇಳಿ ನಗಬಾರದು. ಆಟ ಕಟ್ಟುವ ಕೆಲಸದಲ್ಲಿ ಗಣಿತವಿದೆ, ಚಿತ್ರಕಲೆಯಿದೆ, ಸಂಗೀತವಿದೆ, ಎಲ್ಲಕ್ಕೂ ಮಿಗಿಲಾಗಿ ಕ್ರಮವಾದ ವಿಚಾರವಿದೆ.

ಆದರೆ ಬಂಧುಗಳೇ, ಶಾಲೆ ಬಂದಿದೆ, ನಮ್ಮ ಸ್ಲೇಟು ನೋಡುವ ಮಾಸ್ತರರು ಬಂದಿಲ್ಲ.

ನಮ್ಮದೇ ಅನುಭವ ಹೇಳುತ್ತೇವೆ. ನಾವು ಐದಾರು ಮಂದಿ ಮೂರು ತಿಂಗಳು ಒಂದರ ಮೇಲೊಂದು ವಿಡಿಯೋ ನೋಡಿದೆವು. ಹೇಳಿಕೊಟ್ಟ ಗುಂಡಿ ಒತ್ತಿದಾಗ ಪರದೆಯ ಬೊಂಬೆ ನೆಗೆಯಿತು. ನಮಗೆ ಎಲ್ಲ ಬಂತೆಂದುಕೊಂಡೆವು. ಒಂದು ಭಾನುವಾರ ವಿಡಿಯೋ ಮುಚ್ಚಿ ಖಾಲಿ ಪರದೆಯ ಮುಂದೆ ಕುಳಿತಾಗ ಒಂದು ಚೆಂಡನ್ನು ಉರುಳಿಸಲೂ ಬರಲಿಲ್ಲ. ನಮ್ಮಲ್ಲೊಬ್ಬರು ಊರಿಗೆ ಕಳುಹಿಸಬೇಕಾಗಿದ್ದ ಹಣದಲ್ಲಿ ಪಾಠ ಕೊಂಡಿದ್ದರು. ಅಂದು ಅವರು ಬಾಯಿ ಬಿಡಲಿಲ್ಲ.

ಆಗ ನಮಗೆ ದಾರಿ ತೋರಿದ್ದು ನಮ್ಮ ಪೊವಾಯಿಯ ಐಐಟಿ. ಅಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಆರಂಭವಾದ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯ ಪಾಠಗಳು ಸುಮಾರು ಹತ್ತೇ ನಿಮಿಷದವು; ಧರ್ಮಾರ್ಥ ಸಿಗುತ್ತವೆ, ಹಲವು ಕನ್ನಡದಲ್ಲೂ ಇವೆ. ಅರ್ಧ ಪರದೆಯಲ್ಲಿ ಪಾಠ, ಅರ್ಧ ಪರದೆಯಲ್ಲಿ ಕೆಲಸ. ಸ್ವಲ್ಪ ನೋಡಿ, ನಿಲ್ಲಿಸಿ, ತಾನೇ ಮಾಡಿ, ಮುಂದುವರಿಯಬೇಕೆಂಬುದು ಅದರ ಪದ್ಧತಿ. ಯಾವ ವಿಡಿಯೋಗೂ ಈ ಪದ್ಧತಿ ಸಲ್ಲುತ್ತದೆ.

ಸಲಕರಣೆಗೂ ಹಣ ಬೇಕಿಲ್ಲ. ಅರ್ಜೆಂಟೀನದ ಇಬ್ಬರು ರಚಿಸಿ 2014ರಲ್ಲಿ ಎಲ್ಲರಿಗೂ ತೆರೆದಿಟ್ಟ 'ಗೊಡೊ' ತಂತ್ರಾಂಶ ಉಚಿತ. ಸಾಧಾರಣ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಬಹು ಮಂದಿ ಬಳಸುವ 'ಯುನಿಟಿ'ಯ ಒಡೆಯರು 2023ರಲ್ಲಿ, ಆಟ ಒಬ್ಬೊಬ್ಬರ ಯಂತ್ರಕ್ಕೆ ಇಳಿದಂತೆ ಶುಲ್ಕ ಕೊಡಬೇಕೆಂದು ಸಾರಿದರು. ಜಗತ್ತಿನೆಲ್ಲೆಡೆಯಿಂದ ಪ್ರತಿಭಟನೆ ಬಂದು 2024ರಲ್ಲಿ ಅದನ್ನು ಹಿಂದೆಗೆದುಕೊಂಡರು. ಸಲಕರಣೆ ಯಾರ ಕೈಯಲ್ಲಿದೆಯೆಂಬುದು ದುಡಿಯುವವನು ಕೇಳಲೇಬೇಕಾದ ಪ್ರಶ್ನೆ.

ಇನ್ನು ಏನು ಕಟ್ಟಬೇಕು? ನಾವು ಚೆನ್ನೆಮಣೆಯನ್ನು ಆರಿಸಿಕೊಂಡೆವು. 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಯಂತ್ರಕ್ಕೆ ಅದು 14 ಅಂಕಿಗಳ ಒಂದು ಸಾಲು. ಒಂದು ಗುಳಿಯನ್ನು ಸೊನ್ನೆ ಮಾಡಿ ಮುಂದಿನವುಗಳಿಗೆ ಒಂದೊಂದು ಕೂಡಿಸುತ್ತ ಹೋಗಬೇಕು. 14ರ ಬಳಿಕ ಒಂದಕ್ಕೆ ಮರಳಬೇಕು. ನಮ್ಮ ಕಾಯಿ ಇಲ್ಲದ ಹದಿನೈದನೆಯ ಗುಳಿಗೆ ಹೋಗಿ ಆಟವೇ ನಿಂತಿತು. ಆ ತಪ್ಪು ಹುಡುಕಲು ಎರಡು ಭಾನುವಾರ ಹಿಡಿಯಿತು. ಮೂರು ತಿಂಗಳ ವಿಡಿಯೋ ಕಲಿಸದ್ದನ್ನು ಆ ಎರಡು ಭಾನುವಾರ ಕಲಿಸಿದವು.

ಮುಂದೆ ಇನ್ನೊಂದು ತೊಡಕು. ಗೆದ್ದ ಕಾಯಿ ಯಾವಾಗ ಯಾರದು? ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ನಿಯಮ. 'ಎಂದಿನಂತೆ' ಎಂದರೆ ಯಂತ್ರಕ್ಕೆ ತಿಳಿಯದು. ಬಾಯಿ ಬಿಡದಿದ್ದ ಆ ಗೆಳೆಯರೇ ಊರಿಗೆ ಫೋನು ಮಾಡಿ ತಾಯಿಯಿಂದ ನಿಯಮ ಕೇಳಿ ಬರೆದುಕೊಂಡರು. ಅವರ ಮನೆಯ ನಿಯಮದಂತೆಯೇ ಆಟ ನಡೆಯಿತು.

ಯುವಕರಿಗೆ ನಮ್ಮ ವಿನಂತಿ ಇಷ್ಟೆ: ಮೊದಲೇ ಹಣ ತೆರಬೇಡಿ, ಇರುವ ನೌಕರಿ ಬಿಡಬೇಡಿ, ಚಿಕ್ಕದೊಂದು ಆಟವನ್ನು ಕೊನೆ ಮುಟ್ಟಿಸಿ. ಸಂಘಕ್ಕೂ ಒಂದು ವಿನಂತಿಯಿದೆ. ಭಾನುವಾರ ಎರಡು ಗಂಟೆ ಒಂದು ಕೋಣೆ, ಎರಡು ಹಳೆಯ ಕಂಪ್ಯೂಟರು ಕೊಡಿ. ಒಬ್ಬರ ಸ್ಲೇಟನ್ನು ಇನ್ನೊಬ್ಬರು ನೋಡುವೆವು. ಹಿಂದಿನವರು ದೀಪ ಹಚ್ಚಿ ರಾತ್ರಿಶಾಲೆ ನಡೆಸಿದರು. ನಾವು ಬಾಗಿಲಾದರೂ ತೆರೆಯೋಣ.