ಹಲ್ಲುಹಳಿಯ ಉಗಿ ಎಂಜಿನ್ ಹಾಗೂ ಗ್ರಾಮ ಪಂಚಾಯತ್‌ನ ನಿರ್ವಹಣಾ ಹೊಣೆ

(ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಉಡುಪಿಗೆ ರೈಲು ಬಂದುದು 1993ರ ಮಾರ್ಚ್ ತಿಂಗಳಿನಲ್ಲಿ. ಕೊಂಕಣ ರೈಲ್ವೆಯ ಮೊದಲ ಪ್ರಯಾಣಿಕ ಗಾಡಿ ಅಂದು ಮಂಗಳೂರು ಮತ್ತು ಉಡುಪಿಗಳ ನಡುವೆ ಸಂಚರಿಸಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಜಾರಿಗೆ ಬಂದಿತು. ಇಂದಿನ ಗ್ರಾಮ ಪಂಚಾಯತ್‌ಗಳು ಅದರ ಅಡಿಯಲ್ಲಿ ರೂಪುಗೊಂಡವು. ಹೀಗೆ ಈ ನಾಡಿನಲ್ಲಿ ರೈಲು ಮತ್ತು ಗ್ರಾಮ ಪಂಚಾಯತ್ ಸಮವಯಸ್ಕರು. ಆದರೆ ಒಂದು ವಿಷಯದಲ್ಲಿ ಇಬ್ಬರಿಗೂ ಅಂತರವಿದೆ. ಇಂದ್ರಾಳಿಯಲ್ಲಾಗಲಿ, ಕಾಪು ತಾಲೂಕಿನ ಇನ್ನಂಜೆ, ಪಡುಬಿದ್ರಿಗಳಲ್ಲಾಗಲಿ, ಹಳಿಯನ್ನು ಹಾಕಿದ ಮೇಲೆ ಅದನ್ನು ನಿತ್ಯವೂ ನಡೆದು ನೋಡುವವರು ಬೇಕೆಂಬುದನ್ನು ರೈಲ್ವೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಪಂಚಾಯತ್‌ನಲ್ಲಿ ಕಾಮಗಾರಿ ಪೂರ್ಣಗೊಂಡು, ಬಿಲ್ಲು ಪಾವತಿಯಾಗಿ, ಫಲಕ ಅನಾವರಣಗೊಂಡರೆ ಕೆಲಸ ಮುಗಿಯಿತೆಂಬ ಭಾವನೆ ಇಂದಿಗೂ ಉಳಿದಿದೆ.

ಈ ಅಂತರವನ್ನು ಸ್ಪಷ್ಟವಾಗಿ ತೋರಿಸುವುದಕ್ಕೆ ಪರಂಪರೆಯ ಪ್ರವಾಸಿ ರೈಲಿಗಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ. ಉಡುಪಿ ಜಿಲ್ಲೆಯಲ್ಲಿ ಅಂತಹ ರೈಲು ಇಲ್ಲ. ಕಾರ್ಕಳಕ್ಕಂತೂ ರೈಲು ಮಾರ್ಗವೇ ಇಲ್ಲ. ನಮ್ಮ ಗಡಿಯಾಚೆಗೆ, ಗುಂಡ್ಲುಪೇಟೆ ದಾಟಿದರೆ ಸಿಗುವ ನೀಲಗಿರಿಯಲ್ಲಿ ಅದಿದೆ. ಶಾಲಾ ಪ್ರವಾಸದಲ್ಲಿಯೋ ಕುಟುಂಬದೊಡನೆಯೋ ಊಟಿಗೆ ಹೋದವರಲ್ಲಿ ಹಲವರು ಅದನ್ನು ಕಂಡಿರುತ್ತಾರೆ. ಕಿಟಕಿಯಿಂದ ಕಾಣುವ ಚಹಾ ತೋಟವನ್ನು ಎಲ್ಲರೂ ಬಲ್ಲರು. ಆ ಗಾಡಿಯನ್ನು ದಿನವೂ ಓಡಿಸುವ ಕ್ರಮವನ್ನು ಗಮನಿಸಿದವರು ವಿರಳ. ಇಂದಿನ ವಿಷಯ ಆ ಕ್ರಮವೇ.

ಮಾರ್ಗದ ಸ್ವರೂಪ

ನೀಲಗಿರಿ ಪರ್ವತ ರೈಲು ಮಾರ್ಗವು ಮೆಟ್ಟುಪಾಳಯಂನಿಂದ ಉದಕಮಂಡಲದವರೆಗೆ ಸುಮಾರು 46 ಕಿಲೋಮೀಟರ್ ಉದ್ದವಿದೆ. ಇದು ಮೀಟರ್ ಗೇಜ್‌ನ ಒಂಟಿ ಹಳಿ. 1854ರಲ್ಲಿ ಪ್ರಸ್ತಾವವಾದ ಈ ಮಾರ್ಗದ ಕೆಲಸ ಆರಂಭವಾದುದು 1891ರಲ್ಲಿ. 1899ರಲ್ಲಿ ಗಾಡಿ ಕೂನೂರು ತಲುಪಿತು. 1908ರಲ್ಲಿ ಉದಕಮಂಡಲದವರೆಗಿನ ಮಾರ್ಗ ಪೂರ್ಣವಾಯಿತು. ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಡುವ ಗಾಡಿ 2,203 ಮೀಟರ್ ಎತ್ತರಕ್ಕೆ ಏರುತ್ತದೆ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಾಮಾನ್ಯ ರೈಲಿನಲ್ಲಿ ಉಕ್ಕಿನ ಚಕ್ರವು ಉಕ್ಕಿನ ಹಳಿಯನ್ನು ಕೇವಲ ಘರ್ಷಣೆಯಿಂದ ಹಿಡಿದಿರುತ್ತದೆ. ಏರು ಹೆಚ್ಚಾದಂತೆ ಆ ಹಿಡಿತ ಸಾಲದಾಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯಲ್ಲಿ 50 ಮೀಟರ್ ಸಾಗಿದರೆ 1 ಮೀಟರ್ ಏರುವ ಇಳಿಜಾರಿದೆ. ಭಾರತೀಯ ರೈಲ್ವೆಯ ಲೆಕ್ಕದಲ್ಲಿ ಅದೇ ಕಡಿದಾದ ಏರು. ನೀಲಗಿರಿಯಲ್ಲಿ ಕಲ್ಲಾರ್‌ನಿಂದ ಕೂನೂರಿನವರೆಗಿನ ಸುಮಾರು 20 ಕಿಲೋಮೀಟರ್‌ನಲ್ಲಿ ಕೆಲವೆಡೆ 12.5 ಮೀಟರ್‌ಗೆ 1 ಮೀಟರ್ ಏರಬೇಕು. ಅದು ಇದರ ನಾಲ್ಕು ಪಟ್ಟು. ಅಲ್ಲಿ ಬರಿಯ ಚಕ್ರ ಜಾರುತ್ತದೆ.

ಅದಕ್ಕಾಗಿ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಉಕ್ಕಿನ ಪಟ್ಟಿಗಳನ್ನು ಕೂರಿಸಲಾಗಿದೆ. ಎಂಜಿನ್‌ನ ಕೆಳಗಿರುವ ಹಲ್ಲಿನ ಗಾಲಿಗಳು ಈ ಪಟ್ಟಿಯನ್ನು ಹಿಡಿದು ಮೇಲೇರುತ್ತವೆ. ಅಡಿಕೆ ಮರ ಏರುವವನ ಕಾಲಿನ ತಳೆ ಮಾಡುವ ಕೆಲಸವನ್ನು ಇಲ್ಲಿ ಈ ಹಲ್ಲುಗಳು ಮಾಡುತ್ತವೆ. ಸ್ವಿಟ್ಜರ್‌ಲೆಂಡ್‌ನ ಎಂಜಿನಿಯರ್ ರೋಮನ್ ಆಪ್ಟ್ ರೂಪಿಸಿದ ಈ ವಿಧಾನದಲ್ಲಿ ಪಟ್ಟಿಗಳು ಜೋಡಿಯಾಗಿದ್ದು, ಒಂದರ ಹಲ್ಲಿನ ಎದುರಿಗೆ ಮತ್ತೊಂದರ ಸಂದು ಬರುವಂತೆ ಜೋಡಿಸಿರುತ್ತಾರೆ. ಆದುದರಿಂದ ಯಾವ ಕ್ಷಣದಲ್ಲಿಯೂ ಒಂದಾದರೂ ಹಲ್ಲಿನ ಹಿಡಿತ ತಪ್ಪುವುದಿಲ್ಲ.

ಎಂಜಿನ್ ಮತ್ತು ಅದನ್ನು ನಡೆಸುವವರು

ಈ ಮಾರ್ಗದ 'ಎಕ್ಸ್' ವರ್ಗದ ಉಗಿ ಎಂಜಿನ್‌ಗಳು ಸ್ವಿಟ್ಜರ್‌ಲೆಂಡ್‌ನ ವಿಂಟರ್‌ಥೂರ್ ಕಾರ್ಖಾನೆಯಿಂದ ಬಂದವು. ಮೊದಲ ತಂಡ 1914 ರಿಂದ 1925ರ ನಡುವೆ ತಯಾರಾಯಿತು, ಎರಡನೆಯದು 1952ರಲ್ಲಿ. ಒಂದೊಂದು ಎಂಜಿನ್‌ಗೂ ನಾಲ್ಕು ಸಿಲಿಂಡರ್‌ಗಳಿವೆ. ಬಾಯ್ಲರ್‌ನ ಉಗಿ ಮೊದಲು ಎರಡು ಸಿಲಿಂಡರ್‌ಗಳಲ್ಲಿ ದುಡಿದು ಸಾಮಾನ್ಯ ಚಕ್ರಗಳನ್ನು ತಿರುಗಿಸುತ್ತದೆ. ಹಲ್ಲುಹಳಿ ಬಂದಾಗ, ಅಲ್ಲಿಂದ ಹೊರಟ ಉಗಿಯನ್ನು ವ್ಯರ್ಥವಾಗಿ ಬಿಡದೆ ಉಳಿದೆರಡು ಸಿಲಿಂಡರ್‌ಗಳಿಗೆ ಕಳುಹಿಸುತ್ತಾರೆ. ಅವು ಹಲ್ಲಿನ ಗಾಲಿಗಳನ್ನು ತಿರುಗಿಸುತ್ತವೆ. ಒಂದೇ ಉಗಿಯಿಂದ ಎರಡು ಬಾರಿ ಕೆಲಸ ಪಡೆಯುವ ಏರ್ಪಾಡು ಇದು.

ಏರುವಾಗ ಎಂಜಿನ್ ಗಾಡಿಯ ಮುಂದೆ ಇರುವುದಿಲ್ಲ. ಅದು ಹಿಂದೆ, ಅಂದರೆ ಇಳಿಜಾರಿನ ಕೆಳಭಾಗದಲ್ಲಿ ನಿಂತು ಡಬ್ಬಿಗಳನ್ನು ಮೇಲಕ್ಕೆ ತಳ್ಳುತ್ತದೆ. ಡಬ್ಬಿಗಳ ನಡುವಿನ ಕೊಂಡಿ ಕಳಚಿದರೂ ಡಬ್ಬಿಗಳು ಎಂಜಿನ್‌ಗೆ ಒರಗಿ ನಿಲ್ಲುತ್ತವೆ, ಕಣಿವೆಗೆ ಓಡಿಹೋಗುವುದಿಲ್ಲ. ಇಳಿಯುವಾಗ ಅದೇ ಎಂಜಿನ್ ಮುಂದಿದ್ದು ಇಡೀ ಭಾರವನ್ನು ತಡೆಯುತ್ತದೆ. ಕೆಟ್ಟುದು ಘಟಿಸಬಹುದೆಂದು ಮೊದಲೇ ಎಣಿಸಿ, ಘಟಿಸಿದರೂ ಜೀವಹಾನಿಯಾಗದಂತೆ ಜಾಗ ಗೊತ್ತುಮಾಡಿದ ಜಾಣ್ಮೆ ಇದು.

ತಳ್ಳುವ ಎಂಜಿನ್‌ನ ಚಾಲಕನಿಗೆ ಮುಂದಿನ ಹಳಿ ಸರಿಯಾಗಿ ಕಾಣದು. ಆದ್ದರಿಂದ ಡಬ್ಬಿಗಳ ಮುಂಭಾಗದ ಜಗಲಿಯಲ್ಲಿ ಬ್ರೇಕ್‌ಮನ್ ನಿಂತಿರುತ್ತಾರೆ. ಎಲ್ಲಕ್ಕಿಂತ ಮುಂದಿನ ಡಬ್ಬಿಯಲ್ಲಿರುವವರು ಹಳಿಯ ಮೇಲೆ ಕಲ್ಲೋ, ಮರವೋ, ಆನೆಯೋ ಇದೆಯೇ ಎಂದು ನೋಡಿ ಬಾವುಟ ತೋರಿಸುತ್ತಾರೆ. ಆ ಸಂಜ್ಞೆ ಹಿಂದಿನವರ ಮೂಲಕ ಚಾಲಕನಿಗೆ ಮುಟ್ಟುತ್ತದೆ. ಚಕ್ರಗಳಿಗೆ ಬೇರೆ, ಹಲ್ಲಿನ ಗಾಲಿಗೆ ಬೇರೆ ಬ್ರೇಕುಗಳಿವೆ. ಹಲ್ಲುಹಳಿಯಲ್ಲಿ ವೇಗ ಗಂಟೆಗೆ ಸುಮಾರು 13 ಕಿಲೋಮೀಟರ್ ಮಾತ್ರ. 46 ಕಿಲೋಮೀಟರ್ ಏರುವುದಕ್ಕೆ ಹೆಚ್ಚುಕಡಿಮೆ 5 ಗಂಟೆ ಬೇಕು. ದಾರಿಯಲ್ಲಿ ಎಂಜಿನ್‌ಗೆ ನೀರು ತುಂಬಿಸುವುದಕ್ಕೆ ನಿಲ್ಲಬೇಕು. ಪ್ರವಾಸಿಗರು ಅಷ್ಟರಲ್ಲಿ ಇಳಿದು ಚಹಾ ಕುಡಿಯುತ್ತಾರೆ. ಸಿಬ್ಬಂದಿ ಆ ಸಮಯದಲ್ಲಿ ಎಂಜಿನ್‌ನ ಕೀಲುಗಳಿಗೆ ಎಣ್ಣೆ ಬಿಟ್ಟು ಕೈಯಿಂದ ಮುಟ್ಟಿ ಬಿಸಿ ನೋಡುತ್ತಾರೆ.

ಉಗಿ ಎಂಜಿನ್ ಗುಂಡಿ ಒತ್ತಿದೊಡನೆ ಹೊರಡುವ ಯಂತ್ರವಲ್ಲ. ಗಾಡಿ ಹೊರಡುವ ಹಲವು ಗಂಟೆ ಮೊದಲೇ ಬೆಂಕಿ ಹಚ್ಚಿ ನಿಧಾನವಾಗಿ ಉಗಿ ಏರಿಸಬೇಕು. ಅವಸರದಿಂದ ಕಾಯಿಸಿದರೆ ಬಾಯ್ಲರ್‌ನ ತಗಡುಗಳು ಸಮನಾಗಿ ಹಿಗ್ಗದೆ ಬಿರುಕು ಬಿಡುತ್ತವೆ. ನೀರಿನ ಗಸಿ ಒಳಗೆ ಕಟ್ಟಿಕೊಳ್ಳದಂತೆ ಬಾಯ್ಲರನ್ನು ಗೊತ್ತಾದ ಅವಧಿಗೆ ತೊಳೆಯಬೇಕು. ಬಾಯ್ಲರ್‌ನೊಳಗಿನ ನೀರಿನ ಮಟ್ಟವನ್ನು ತೋರಿಸುವ ಗಾಜಿನ ಕೊಳವೆಯಿಂದ ಚಾಲಕನ ಕಣ್ಣು ಸರಿಯುವಂತಿಲ್ಲ. ಈ ಯಾವ ಕೆಲಸವೂ ಪ್ರವಾಸಿಗರ ಛಾಯಾಚಿತ್ರದಲ್ಲಿ ಬರುವುದಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಛಾಯಾಚಿತ್ರ ತೆಗೆಯಲು ಗಾಡಿಯೇ ಇರುವುದಿಲ್ಲ.

ಕೂನೂರಿನಲ್ಲಿ ಹಲ್ಲುಹಳಿ ಮುಗಿಯುತ್ತದೆ. ಅಲ್ಲಿಂದ ಊಟಿಯವರೆಗೆ ಡೀಸೆಲ್ ಎಂಜಿನ್ ಗಾಡಿಯನ್ನು ಒಯ್ಯುತ್ತದೆ. ಹಳೆಯ ಎಂಜಿನ್‌ಗಳ ಬಿಡಿಭಾಗಗಳು ಇಂದು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಆದುದರಿಂದ ತಿರುಚ್ಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದ ಕೆಲಸಗಾರರು ಅವುಗಳನ್ನು ಅಳತೆ ಮಾಡಿ ತಾವೇ ತಯಾರಿಸಿದರು. ಕ್ರಮೇಣ ಅದೇ ಮಾದರಿಯ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿದರು. ಅವುಗಳಲ್ಲಿ ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವವೂ ಇವೆ. ಪರಂಪರೆಯನ್ನು ಉಳಿಸುವುದೆಂದರೆ ಹಳೆಯದನ್ನು ಮುಟ್ಟದೆ ಇಡುವುದೆಂದು ಅವರು ಭಾವಿಸಲಿಲ್ಲ. ಅಗತ್ಯವಿದ್ದಲ್ಲಿ ಬದಲಿಸಿದರು, ಬದಲಿಸುವ ವಿದ್ಯೆಯನ್ನು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು.

ನಿಲ್ಲಿಸುವ ಅಧಿಕಾರ

ಮಳೆಗಾಲದಲ್ಲಿ ನೀಲಗಿರಿಯ ಹಳಿಯ ಮೇಲೆ ಗುಡ್ಡ ಜರಿಯುವುದು ಹೊಸತಲ್ಲ. ಅಂತಹ ದಿನ ಗಾಡಿಯನ್ನು ರದ್ದುಪಡಿಸುತ್ತಾರೆ. ತಿಂಗಳುಗಳ ಮೊದಲೇ ಟಿಕೆಟ್ ಕಾದಿರಿಸಿದವರು ಬೇಸರಗೊಂಡರೂ ನಿರ್ಧಾರ ಬದಲಾಗುವುದಿಲ್ಲ. ಸಕಲೇಶಪುರ ಘಾಟಿಯಲ್ಲಿಯೂ 2018 ಹಾಗೂ 2024ರ ಮಳೆಗಾಲಗಳಲ್ಲಿ ಭೂಕುಸಿತದಿಂದ ರೈಲು ಸಂಚಾರ ನಿಂತಿತ್ತು. 2021ರ ಜುಲೈಯಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಡಬ್ಬಿಗಳು ಬಂದ ಮೇಲೆ ಆ ಘಾಟಿ ಸ್ವತಃ ಪ್ರವಾಸಿಗರ ಆಕರ್ಷಣೆಯಾಗಿದೆ. ಹಾಗೆಂದು ಅಲ್ಲಿಯ ಮುನ್ನೆಚ್ಚರಿಕೆ ಸಡಿಲವಾಗಿಲ್ಲ. ಉಡುಪಿಯ ಮೂಲಕ ಹೋಗುವ ಕೊಂಕಣ ರೈಲ್ವೆಯು ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿಯನ್ನೇ ಹೊಂದಿದೆ. ಆ ಅವಧಿಯಲ್ಲಿ ವೇಗ ತಗ್ಗುತ್ತದೆ, ಹಳಿಯ ಗಸ್ತು ಹೆಚ್ಚುತ್ತದೆ.

ನಮ್ಮ ರಾಜ್ಯ ಕಳೆದುಕೊಂಡುದನ್ನೂ ಇಲ್ಲಿ ನೆನೆಯಬೇಕು. ಹಾಸನ–ಮಂಗಳೂರು ಮಾರ್ಗವು 1979ರಲ್ಲಿ ಮೀಟರ್ ಗೇಜ್ ಆಗಿ ಪೂರ್ಣವಾಯಿತು. 1996ರಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಿತು. 2007ರ ಡಿಸೆಂಬರ್‌ನಲ್ಲಿ ಬ್ರಾಡ್ ಗೇಜ್‌ನ ಪ್ರಯಾಣಿಕ ಗಾಡಿ ಮರಳಿತು. ಪರಿವರ್ತನೆ ಅಗತ್ಯವಾಗಿತ್ತು, ಅದರಿಂದ ಕರಾವಳಿಗೆ ಲಾಭವಾಗಿದೆ. ಆದರೆ ಮೀಟರ್ ಗೇಜ್‌ನ ಉಗಿ ಎಂಜಿನ್‌ಗಳನ್ನು ನೋಡಬೇಕಾದರೆ ಇಂದು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಅವು ಬಣ್ಣ ಬಳಿದುಕೊಂಡು ನಿಂತಿವೆ. ಅವುಗಳ ಬೆಂಕಿಯನ್ನು ಹದಗೊಳಿಸಬಲ್ಲ ಕೈಗಳು ಮಾತ್ರ ಒಂದೊಂದಾಗಿ ನಿವೃತ್ತವಾದವು.

ಗ್ರಾಮ ಪಂಚಾಯತ್‌ಗೆ ಅನ್ವಯ

ಉಡುಪಿ ಜಿಲ್ಲೆಯಲ್ಲಿಯೂ ಇಂತಹ ನಿರಂತರ ಪಾಲನೆಯ ನಿದರ್ಶನಗಳಿವೆ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಇಂದಿಗೂ ಕಡಲಿಗೆ ಬೆಳಕು ಬೀರುತ್ತಿದೆ. ಪ್ರವಾಸಿಗರು ಅದನ್ನು ಏರಿ ನೋಡುವುದು ಅದರ ಎರಡನೆಯ ಉಪಯೋಗ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಹಳೆಯ ಮರದ ಮನೆಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಲಾಗಿದೆ. ಕರಾವಳಿಯ ಮಳೆಯಲ್ಲಿ ಮರ ಉಳಿಯುವುದು ಆರೈಕೆಯಿಂದ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣತ್ಯಾಜ್ಯ ನಿರ್ವಹಣಾ ಘಟಕವಿದೆ. ಹಲವು ಗ್ರಾಮ ಪಂಚಾಯತ್‌ಗಳ ತ್ಯಾಜ್ಯ ಅಲ್ಲಿನ ಯಂತ್ರವನ್ನು ಅವಲಂಬಿಸಿದೆ. ಯಂತ್ರ ಒಂದು ದಿನ ನಿಂತರೆ ಅದರ ಪರಿಣಾಮ ಒಂದು ಊರಿಗೆ ಸೀಮಿತವಾಗುವುದಿಲ್ಲ.

ಇನ್ನೊಂದೆಡೆ, ಗ್ರಾಮ ಪಂಚಾಯತ್ ಉದ್ಯಾನದ ಉಯ್ಯಾಲೆಯ ಸರಪಳಿ ಉಪ್ಪುಗಾಳಿಗೆ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಅದನ್ನು ನೋಡುವ ಹೊಣೆ ಯಾರದೆಂದು ಯಾವ ಕಡತದಲ್ಲಿಯೂ ಬರೆದಿಲ್ಲದಿದ್ದರೆ, ಸರಪಳಿ ತುಂಡಾದ ದಿನವೇ ಅದು ತಿಳಿಯುವುದು. ಅಂದು ಅದರ ಮೇಲೆ ಕುಳಿತಿರುವುದು ಒಂದು ಮಗು. ಆದುದರಿಂದ ಮಾನ್ಯ ಸದಸ್ಯರು ತಮ್ಮ ಗ್ರಾಮ ಪಂಚಾಯತ್‌ನ ಪ್ರತಿಯೊಂದು ಆಸ್ತಿಯ ಬಗ್ಗೆ, ಅದು ಉದ್ಯಾನವಾಗಿರಲಿ, ನೀರಿನ ಪಂಪು ಆಗಿರಲಿ, ಕಡಲತೀರದ ವೀಕ್ಷಣಾ ಕಟ್ಟೆಯಾಗಿರಲಿ, ಕೆಳಗಿನ ಐದು ಪ್ರಶ್ನೆಗಳನ್ನು ಸಭೆಯಲ್ಲಿ ಕೇಳುವುದು ಅಪೇಕ್ಷಣೀಯ.

1. ಇದನ್ನು ನಿತ್ಯ ನೋಡಿಕೊಳ್ಳುವ ವ್ಯಕ್ತಿ ಯಾರು? ಅವರು ರಜೆಯಲ್ಲಿದ್ದರೆ ಬದಲಿ ಯಾರು?

2. ತಪಾಸಣೆಯ ದಿನಚರಿ ಪುಸ್ತಕ ಇದೆಯೇ? ಕಳೆದ ತಿಂಗಳು ಅದರಲ್ಲಿ ಏನು ಬರೆದಿದೆ?

3. ಬಿಡಿಭಾಗ ಹಾಳಾದರೆ ಎಲ್ಲಿ ಸಿಗುತ್ತದೆ? ದುರಸ್ತಿ ಬಲ್ಲವರು ಊರಿನಲ್ಲಿ ಇದ್ದಾರೆಯೇ?

4. ಮುಂದಿನ ವರ್ಷದ ನಿರ್ವಹಣಾ ವೆಚ್ಚವನ್ನು ಆಯವ್ಯಯದಲ್ಲಿ ಸೇರಿಸಲಾಗಿದೆಯೇ? ಪರಂಪರೆಯ ರೈಲಿನ ಖರ್ಚು ಕೂಡ ಟಿಕೆಟ್ ಹಣದಿಂದ ತುಂಬುವುದಿಲ್ಲ. ಉಳಿದ ಹಣ ಎಲ್ಲಿಂದ ಬರುತ್ತದೆಂಬುದು ಮೊದಲೇ ಗೊತ್ತಿರಬೇಕು.

5. ಅಪಾಯ ಕಂಡಾಗ ಬಳಕೆಯನ್ನು ತಕ್ಷಣ ನಿಲ್ಲಿಸುವ ಅಧಿಕಾರ ಯಾರಿಗೆ ಇದೆ? ಅವರು ಹಾಗೆ ನಿಲ್ಲಿಸಿದಾಗ ಪಂಚಾಯತ್ ಅವರ ಬೆನ್ನಿಗೆ ನಿಲ್ಲುತ್ತದೆಯೇ?

ಐದನೆಯದು ಎಲ್ಲಕ್ಕಿಂತ ಕಠಿಣ. ಜಾತ್ರೆಯ ದಿನ, ರಜೆಯ ದಿನ, ಗಣ್ಯರು ಬರುವ ದಿನ ನಿಲ್ಲಿಸಿರೆಂದು ಹೇಳುವ ನೌಕರನಿಗೆ ಸದಸ್ಯರ ಬೆಂಬಲ ಬೇಕು. ನೀಲಗಿರಿಯ ಗಾಡಿಯಲ್ಲಿ ಮುಂದಿನ ಡಬ್ಬಿಯ ಬ್ರೇಕ್‌ಮನ್ ಕೆಂಪು ಬಾವುಟ ತೋರಿದರೆ ಚಾಲಕನು ಕಾರಣ ಕೇಳುತ್ತ ಕೂರುವುದಿಲ್ಲ. ಮೊದಲು ಗಾಡಿ ನಿಲ್ಲುತ್ತದೆ, ವಿಚಾರಣೆ ಆಮೇಲೆ.

ಮುಂಬರುವ ಗ್ರಾಮ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರು ತಮ್ಮ ವಾರ್ಡಿನ ಒಂದು ಆಸ್ತಿಯನ್ನಾದರೂ ಖುದ್ದಾಗಿ ನೋಡಿ, ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದು ತಂದರೆ ಈ ಉಪನ್ಯಾಸದ ಉದ್ದೇಶ ಈಡೇರಿದಂತೆ.