ಸುಂಕವನ್ನು ತೆರುವವರು ಯಾರು?

(ಹೆಜಮಾಡಿಯ ನಾಗರಿಕರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಪರದೇಶದ ಸರಕಿನ ಮೇಲೆ ಸುಂಕ ಹಾಕಿದಾಗಲೆಲ್ಲ ಒಂದು ಮಾತು ಕೇಳಿಬರುವುದುಂಟು: “ಹೊರಗಿನವನು ಕೊಡುತ್ತಾನೆ, ನಮಗೇನು ನಷ್ಟ?” ಮಾತು ಕಿವಿಗೆ ಇಂಪಾಗಿದೆ, ದೇಶಾಭಿಮಾನದ ಉಡುಪನ್ನೂ ತೊಟ್ಟಿದೆ. ಆದರೆ ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಮ್ಮಲ್ಲಿ ಲೆಕ್ಕ ಹಾಕಿ ನೋಡಿದವರು ಕಡಿಮೆ. ತಮ್ಮ ಅಪ್ಪಣೆ ಪಡೆದು ಆ ಲೆಕ್ಕವನ್ನು ಇಂದು ತಮ್ಮ ಮುಂದಿಡಲು ನಿಂತಿದ್ದೇನೆ. ನಾನು ಅರ್ಥಶಾಸ್ತ್ರಜ್ಞನಲ್ಲ, ವಕೀಲ. ಆದುದರಿಂದ ವಕೀಲನ ರೀತಿಯಲ್ಲಿಯೇ ಕೇಳುತ್ತೇನೆ: ಕಾಯಿದೆಯ ಪ್ರಕಾರ ಹಣ ಕಟ್ಟಬೇಕಾದವನು ಯಾರು? ವಸ್ತುತಃ ಕಟ್ಟುವವನು ಯಾರು? ಅದಕ್ಕೆ ಸಾಕ್ಷ್ಯವೇನು?

ಸುಂಕದ ಕಟ್ಟೆಯೆಂದರೇನೆಂದು ಹೆಜಮಾಡಿಯವರಿಗೆ ಯಾರೂ ಬಂದು ಹೇಳಬೇಕಾಗಿಲ್ಲ. ಹೆಜ್ಜುಂಕವೆಂಬ ಮಾತು ನಮ್ಮ ಹಳೆಯ ಶಾಸನಗಳಲ್ಲಿಯೇ ಉಂಟು. ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲವೆಂಬ ಗಾದೆಯೂ ಕನ್ನಡಿಗರ ಅನುಭವದಿಂದಲೇ ಹುಟ್ಟಿದೆ. ಇಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ತಮ್ಮೂರಿನಲ್ಲಿಯೇ ಟೋಲ್ ಕಟ್ಟೆ ನಿಂತಿದೆ. ಮಲ್ಪೆಯಿಂದ ಮಂಗಳೂರಿನ ಕಡೆಗೆ ಮೀನು ಹೊತ್ತು ಹೋಗುವ ಲಾರಿ ಅಲ್ಲಿ ಹಣ ತೆತ್ತು ಮುಂದೆ ಸಾಗಬೇಕು. ತೆತ್ತದ್ದು ಲಾರಿಯ ಲೆಕ್ಕದಿಂದ. ಆದರೆ ಲಾರಿಯ ಧಣಿ ಅದನ್ನು ಬಾಡಿಗೆಗೆ ಸೇರಿಸುವನು. ವ್ಯಾಪಾರಿಯು ಬಾಡಿಗೆಯನ್ನು ಮೀನಿನ ಬೆಲೆಗೆ ಸೇರಿಸುವನು. ಕೊಳ್ಳುವವರು ಆ ಬೆಲೆಗೆ ಒಪ್ಪಿದರೆ ಭಾರ ಅವರದಾಯಿತು. ಒಪ್ಪದೆ ಹೋದರೆ ವ್ಯಾಪಾರಿಯು ಬಂದರಿಗೆ ಹಿಂದಿರುಗಿ ದೋಣಿಯವನಿಗೆ ಕೊಡುವ ಬೆಲೆಯನ್ನು ಇಳಿಸುವನು. ಆಗ ಭಾರ ಕಡಲಿಗಿಳಿದವನದಾಯಿತು. ಸುರತ್ಕಲ್ಲಿನ ಕಟ್ಟೆಯನ್ನು ಎತ್ತಿ ಅದರ ವಸೂಲಿಯನ್ನು ಹೆಜಮಾಡಿಯ ಕಟ್ಟೆಗೆ ಸೇರಿಸುವ ಆಜ್ಞೆ 2022ರ ನವೆಂಬರಿನಲ್ಲಿ ಹೊರಟಾಗ ಈ ಭಾಗದ ಜನರು ವಿರೋಧಿಸಿದ್ದೇಕೆ? ಭಾರ ಇಳಿಯಲಿಲ್ಲ, ಹೆಗಲು ಮಾತ್ರ ಬದಲಾಯಿತು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ದೇಶದ ಎಲ್ಲೆಯಲ್ಲಿರುವ ಕಟ್ಟೆಯ ನಿಯಮವೂ ಇದೇ. ಪಣಂಬೂರಿನ ನವಮಂಗಳೂರು ಬಂದರಿಗೆ ತಾಳೆ ಎಣ್ಣೆಯ ಹಡಗು ಬಂದಾಗ ಸುಂಕ ಕಟ್ಟುವವನು ಮಲೇಷ್ಯಾದ ತೋಟಗಾರನಲ್ಲ, ಸರಕನ್ನು ತರಿಸಿದ ನಮ್ಮ ದೇಶದ ವ್ಯಾಪಾರಸ್ಥ. ಕಾಯಿದೆ ಕೇಳುವುದು ಅವನನ್ನು. ಮುಂದೆ ಆ ಭಾರವನ್ನು ಅವನು ಯಾರ ಮೇಲೆ ಹಾಕಬಲ್ಲನೆಂಬುದನ್ನು ಯಾವ ಕಾಯಿದೆಯೂ ಹೇಳದು. ಅದನ್ನು ನಿರ್ಣಯಿಸುವುದು ಪೇಟೆ. ಬೇರೆ ದಾರಿಯುಳ್ಳವನು ಆ ದಾರಿ ಹಿಡಿದು ಪಾರಾಗುವನು. ದಾರಿಯಿಲ್ಲದವನ ತಲೆಯ ಮೇಲೆ ಭಾರ ಬಂದು ನಿಲ್ಲುವುದು. ನನ್ನ ಇಂದಿನ ಮಾತಿನ ತಿರುಳು ಇಷ್ಟೇ, ಉಳಿದದ್ದು ಸಾಕ್ಷ್ಯ.

ಮೊದಲನೆಯ ಸಾಕ್ಷ್ಯ ನಮ್ಮ ಅಡುಗೆಮನೆಯದು. ಭಾರತವು ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೇಲಿನ ಒಟ್ಟು ಸುಂಕವನ್ನು ನೂರಕ್ಕೆ 5.5ರಿಂದ 27.5ಕ್ಕೆ ಏರಿಸಿದರು. ಶುದ್ಧೀಕರಿಸಿದ ಎಣ್ಣೆಯ ಸುಂಕ 13.75ರಿಂದ 35.75ಕ್ಕೆ ಏರಿತು. ಕೆಲವೇ ದಿನಗಳಲ್ಲಿ ಕೇಂದ್ರ ಸರಕಾರವು ಎಣ್ಣೆ ಕಂಪನಿಗಳಿಗೆ ಒಂದು ಸೂಚನೆ ಕೊಟ್ಟಿತು: ಹಳೆಯ ಸುಂಕದಲ್ಲಿ ತಂದ ದಾಸ್ತಾನು ಮುಗಿಯುವ ತನಕ ಚಿಲ್ಲರೆ ಬೆಲೆಯನ್ನು ಏರಿಸಬೇಡಿರಿ ಎಂದು. 2025ರ ಮೇ 30ರಂದು ಕಚ್ಚಾ ಎಣ್ಣೆಗಳ ಸುಂಕವನ್ನು 16.5ಕ್ಕೆ ಇಳಿಸಿದಾಗ ಮತ್ತೊಂದು ಸೂಚನೆ ಹೋಯಿತು: ಇಳಿದ ಲಾಭವನ್ನು ಬಳಕೆದಾರರಿಗೆ ಮುಟ್ಟಿಸಿರಿ ಎಂದು.

ಈ ಎರಡು ಸೂಚನೆಗಳನ್ನು ಜೊತೆಯಾಗಿಟ್ಟು ಓದಿರಿ. ಸುಂಕವನ್ನು ಹೊರಗಿನವನೇ ತೆರುವುದಾದರೆ ಬೆಲೆ ಏರಿಸಬೇಡಿರೆಂದು ಹೇಳುವ ಅಗತ್ಯವೇನಿತ್ತು? ಇಳಿದಾಗ ಮುಟ್ಟಿಸಬೇಕಾದ ಲಾಭವಾದರೂ ಎಲ್ಲಿಂದ ಬಂತು? ನ್ಯಾಯಾಲಯದಲ್ಲಿ ಇದನ್ನು ಪ್ರತಿವಾದಿಯ ಬಾಯಿಂದಲೇ ಬಂದ ಒಪ್ಪಿಗೆ ಎನ್ನುವರು. ಸುಂಕ ಹಾಕಿದ ಸರಕಾರವೇ ತೆರುವವರು ಯಾರೆಂಬುದನ್ನು ತಿಳಿದಿತ್ತು. ದೋಸೆಯ ಕಾವಲಿಗೆ ಎಣ್ಣೆ ಸವರುವ ಗೃಹಿಣಿ ತೆರುತ್ತಾಳೆ. ರಸ್ತೆಬದಿಯಲ್ಲಿ ಗೋಳಿಬಜೆ ಕರಿಯುವವನು ತೆರುತ್ತಾನೆ. ಎಣ್ಣೆಯಿಲ್ಲದೆ ಒಗ್ಗರಣೆಯಿಲ್ಲ, ಅವರಿಗೆ ಬೇರೆ ದಾರಿಯಿಲ್ಲ. ಶ್ರೀಮಂತನಿಗೂ ಬಡವನಿಗೂ ಸುಂಕದ ದರ ಒಂದೇ, ಆದರೆ ಬಡವನ ಗಳಿಕೆಯಲ್ಲಿ ಎಣ್ಣೆಗೆ ಹೋಗುವ ಪಾಲು ದೊಡ್ಡದು.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಹೊರಗಿನ ಸರಕು ತುಟ್ಟಿಯಾದೊಡನೆ ಅದೇ ಜಾತಿಯ ಸ್ವದೇಶದ ಸರಕೂ ಬೆಲೆ ಏರಿಸಿಕೊಳ್ಳುತ್ತದೆ. ಅದಕ್ಕೆ ಪೈಪೋಟಿ ಕುಗ್ಗಿತಲ್ಲವೆ? ಹೊರಗಿನ ಸರಕಿನ ಮೇಲಿನ ಸುಂಕವಾದರೋ ಬೊಕ್ಕಸಕ್ಕೆ ಹೋಗಿ ರಸ್ತೆಯಾಗಿಯೋ ಶಾಲೆಯಾಗಿಯೋ ಹಿಂದಿರುಗೀತು. ಸ್ವದೇಶದ ಸರಕಿನ ಮೇಲೆ ನಾವು ಕೊಡುವ ಹೆಚ್ಚಿನ ಬೆಲೆ ಬೊಕ್ಕಸವನ್ನು ನೋಡುವುದೇ ಇಲ್ಲ. ಅಮೇರಿಕದಲ್ಲಿ 2018ರಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಮೇಲೆ ಸುಂಕ ಹಾಕಿದಾಗ ಅಲ್ಲಿನ ಪಂಡಿತರು ಈ ಲೆಕ್ಕವನ್ನು ತೆಗೆದರು. ಒಗೆಯುವ ಯಂತ್ರದ ಬೆಲೆ ನೂರಕ್ಕೆ ಸುಮಾರು 12ರಂತೆ ಏರಿತು. ಸುಂಕವೇ ಇಲ್ಲದ ಒಣಗಿಸುವ ಯಂತ್ರದ ಬೆಲೆಯೂ ಅಷ್ಟೇ ಏರಿತು. ಏಕೆಂದರೆ ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುವುದು ವಾಡಿಕೆ. ಕೊಳ್ಳುವವರು ವರ್ಷಕ್ಕೆ ಸುಮಾರು 150 ಕೋಟಿ ಡಾಲರು ಹೆಚ್ಚು ತೆತ್ತರು. ಬೊಕ್ಕಸಕ್ಕೆ ಬಂದದ್ದು 8 ಕೋಟಿ 20 ಲಕ್ಷ. ಹುಟ್ಟಿದ ಉದ್ಯೋಗಗಳು ಸುಮಾರು 1,800. ಬೊಕ್ಕಸಕ್ಕೆ ಬಂದದ್ದನ್ನು ಕಳೆದರೂ ಒಂದೊಂದು ಉದ್ಯೋಗಕ್ಕೆ 8 ಲಕ್ಷ ಡಾಲರಿಗೆ ಮಿಕ್ಕಿ ವೆಚ್ಚವಾಯಿತು!

ಎರಡನೆಯ ಸಾಕ್ಷ್ಯ ಗೇರುಬೀಜದ್ದು. ಎಣ್ಣೆಯ ಭಾರ ಮುಂದಕ್ಕೆ ಹೋಗಿ ಕೊಳ್ಳುವವನನ್ನು ಮುಟ್ಟಿತು. ಇಲ್ಲಿ ಅದು ಹಿಂದಕ್ಕೆ ತಿರುಗಬಹುದು. ಕಾರ್ಕಳ, ಉಡುಪಿ, ಕುಂದಾಪುರದ ಕಡೆಯ ಕಾರ್ಖಾನೆಗಳಿಗೆ ನಮ್ಮ ಗುಡ್ಡಗಳ ಬೀಜ ಸಾಲದು. ಆಫ್ರಿಕದಿಂದ ಕಚ್ಚಾ ಬೀಜ ಬರಬೇಕು. 2016ರ ಮುಂಗಡಪತ್ರದಲ್ಲಿ ಅದರ ಮೇಲೆ ನೂರಕ್ಕೆ 5ರಂತೆ ಸುಂಕ ಬಿತ್ತು. 2018ರಲ್ಲಿ ಅದನ್ನು 2.5ಕ್ಕೆ ಇಳಿಸಿದರು. ತಿರುಳನ್ನು ಪರದೇಶಕ್ಕೆ ಮಾರುವ ಕಾರ್ಖಾನೆಯವನು ಬೆಲೆ ಏರಿಸೋಣವೆಂದರೆ ಅದೇ ಪೇಟೆಯಲ್ಲಿ ವಿಯೆಟ್ನಾಮಿನವನು ಅಗ್ಗಕ್ಕೆ ಮಾರಲು ಕಾದಿದ್ದಾನೆ. ಆಫ್ರಿಕದ ಬೆಳೆಗಾರನ ಬೆಲೆ ತಗ್ಗಿಸೋಣವೆಂದರೆ ಅವನಿಗೂ ವಿಯೆಟ್ನಾಮಿನ ಗಿರಾಕಿಯುಂಟು. ಉಳಿದವರು ಇಬ್ಬರೇ: ಕಾರ್ಖಾನೆಯ ಧಣಿ, ಬೀಜ ಸುಲಿಯುವ ಹೆಂಗಸು. ಧಣಿಯು ವಾರದಲ್ಲಿ ಕೆಲಸದ ದಿನಗಳನ್ನು ಕಡಮೆ ಮಾಡಬಲ್ಲನು. ಬಂಡವಾಳವನ್ನು ಬೇರೆ ವ್ಯಾಪಾರಕ್ಕೆ ತಿರುಗಿಸಬಲ್ಲನು. ಆ ಹೆಂಗಸು ಮನೆ, ಮಕ್ಕಳನ್ನು ಬಿಟ್ಟು ಎಲ್ಲಿಗೆ ಹೋದಾಳು? ಸುಂಕದ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಆದರೂ ಭಾರದ ಒಂದು ಪಾಲು ಅವಳ ಕೂಲಿಯಲ್ಲಿ ಸದ್ದಿಲ್ಲದೆ ಕಳೆದುಹೋಗಬಹುದು.

ಹಾಗಾದರೆ ಹೊರಗಿನವನು ಎಂದಿಗೂ ತೆರುವುದಿಲ್ಲವೆ? ಹಾಗೆಂದರೆ ಅನ್ಯಾಯವಾದೀತು. ಕೊಳ್ಳುವ ದೇಶ ದೊಡ್ಡದಾಗಿದ್ದು, ಮಾರುವವನಿಗೆ ಬೇರೆ ಪೇಟೆ ದುರ್ಲಭವಾದಾಗ ಅವನೂ ಬೆಲೆ ಇಳಿಸಬೇಕಾಗುತ್ತದೆ. 2018ರ ಅಮೇರಿಕದ ಸುಂಕಗಳ ಭಾರ ಬಹುತೇಕ ಎಲ್ಲ ಸರಕುಗಳಲ್ಲಿಯೂ ಅಮೇರಿಕದವರ ಮೇಲೆಯೇ ಬಿತ್ತು. ಉಕ್ಕಿನಲ್ಲಿ ಮಾತ್ರ ವರ್ಷ ಕಳೆದ ಮೇಲೆ ಪರದೇಶದವರು ಸುಮಾರು ಅರ್ಧದಷ್ಟನ್ನು ಹೊತ್ತರು. 2025ರ ಆಗಸ್ಟ್ 27ರಿಂದ ನಮ್ಮ ಅನೇಕ ಸರಕುಗಳ ಮೇಲೆ ಆ ದೇಶವು ನೂರಕ್ಕೆ 50ರಂತೆ ಸುಂಕ ಹಾಕಿದಾಗ ಆಂಧ್ರದ ಕೆರೆಗಳಲ್ಲಿ ಸಿಗಡಿ ಸಾಕುವವರು ತಲ್ಲಣಿಸಿದರು. ಏಕೆ? ಈಕ್ವಡಾರಿನ ಸಿಗಡಿಗೆ ಆಗ ಅಲ್ಲಿ ನೂರಕ್ಕೆ 15 ಮಾತ್ರ. ಕೊಳ್ಳುವವನಿಗೆ ಬೇರೆ ದಾರಿಯಿತ್ತು. ಕೆರೆಯಲ್ಲಿ ಬೆಳೆದು ನಿಂತ ಸಿಗಡಿಯನ್ನು ಇಟ್ಟುಕೊಂಡವನಿಗೆ ಇರಲಿಲ್ಲ. ಆಗಲೇ ಹೇಳಿದ ನಿಯಮವೇ ಇಲ್ಲಿಯೂ ನಡೆಯಿತು, ದಿಕ್ಕು ಮಾತ್ರ ತಿರುಗಿತು.

ಇಷ್ಟನ್ನು ಕೇಳಿ, “ಇವನು ಸ್ವದೇಶಿಯ ವಿರೋಧಿ” ಎಂದು ಯಾರೂ ಭಾವಿಸಬಾರದು. ಸುಂಕವು ಯಾವಾಗಲೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪರರ ಆಳ್ವಿಕೆಯಲ್ಲಿ ನಮಗೆ ರಕ್ಷಣೆಯಿಲ್ಲದೆ ಆದ ಹಾನಿಯನ್ನು ಮರೆಯುವಂತಿಲ್ಲ. 1896ರಲ್ಲಿ ಹೊರಗಿನ ಬಟ್ಟೆಗೆ ನೂರಕ್ಕೆ ಮೂರೂವರೆ ಸುಂಕವಿಟ್ಟು, ಲ್ಯಾಂಕಾಶೈರಿಗೆ ನೋವಾಗದಿರಲೆಂದು ನಮ್ಮ ಗಿರಣಿಯ ಬಟ್ಟೆಗೂ ಅಷ್ಟೇ ತೆರಿಗೆ ಹಾಕಿದ್ದರು. ಅದು ಹೋದದ್ದು 1926ರಲ್ಲಿ. ಆದರೆ 1922ರಲ್ಲಿ ಹೊರಗಿನ ನೂಲಿಗೆ ನೂರಕ್ಕೆ 5 ಸುಂಕ ಬಿದ್ದಾಗ ಅದನ್ನು ತೆರಬೇಕಾದವನು ಕೈಮಗ್ಗದ ನೇಕಾರ. ಗಿರಣಿಗೆ ರಕ್ಷಣೆಯಾದದ್ದು ಮಗ್ಗಕ್ಕೆ ಹೊರೆಯಾಯಿತು. ಶಾಂಭವಿಯ ಆಚೆ ದಡದಲ್ಲಿ, ಮೂಲ್ಕಿ, ಕಿನ್ನಿಗೋಳಿಯ ಕಡೆಯಲ್ಲಿ, ಮಗ್ಗದ ಕಸುಬನ್ನು ಬಲ್ಲ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವದೇಶಿಯೆಂಬ ಒಂದೇ ಹೆಸರಿನಡಿಯಲ್ಲಿ ಒಬ್ಬ ಸ್ವದೇಶಿಯನ ಜೇಬಿನಿಂದ ಇನ್ನೊಬ್ಬ ಸ್ವದೇಶಿಯನ ಜೇಬಿಗೆ ಹಣ ಹೋಗುವುದುಂಟು.

ಹೋಗಬಾರದೆಂದಲ್ಲ, ತಿಳಿದು ಹೋಗಲಿ. 2024ರ ಎಣ್ಣೆಯ ಸುಂಕ ಸೋಯಾ ಬೆಳೆಗಾರನ ಹೆಸರಿನಲ್ಲಿ ಬಂದದ್ದು. ಬೀದರದಲ್ಲಿ ಸೋಯಾ ಬೆಳೆಯುವ ಒಕ್ಕಲಿಗನೂ ನಮ್ಮವನೇ, ಕನ್ನಡಿಗನೇ. ಅವನಿಗಾಗಿ ಕರಾವಳಿಯ ಗೃಹಿಣಿ ನಾಲ್ಕು ಕಾಸು ಹೆಚ್ಚು ಕೊಡಲು ಹಿಂಜರಿಯಳು. ಆದರೆ ಸರಕಾರವು ಕ್ವಿಂಟಲಿಗೆ 4,892 ರೂಪಾಯಿ ಬೆಂಬಲ ಬೆಲೆಯನ್ನು ಸಾರಿದ್ದ ಆ ಹಂಗಾಮಿನಲ್ಲಿ, ಸುಂಕ ಏರಿದ ಮೇಲೆಯೂ ಪೇಟೆಯ ಧಾರಣೆ ಅದಕ್ಕಿಂತ ಕೆಳಗೇ ಇತ್ತು. ಇವಳು ಕೊಟ್ಟದ್ದು ಅವನಿಗೆ ಪೂರ್ತಿಯಾಗಿ ಮುಟ್ಟಿತೆ? ಕೇಳುವ ಹಕ್ಕು ಇಬ್ಬರಿಗೂ ಉಂಟು. ಅಡಿಕೆಯದೂ ಇದೇ ಪ್ರಶ್ನೆ. 2023ರ ಫೆಬ್ರವರಿಯಲ್ಲಿ ಅದರ ಕನಿಷ್ಠ ಆಮದು ಬೆಲೆಯನ್ನು ಕಿಲೋಗ್ರಾಮಿಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಬೆಳೆಗಾರನಿಗೆ ಆಸರೆಯಾಯಿತು. ತೆತ್ತವನು ಎಲೆಯಡಿಕೆ ಮೆಲ್ಲುವವನು. ಬೆಳೆಗಾರನ ಬದುಕು ನೆಟ್ಟಗಿರಲೆಂದು ಆ ವೆಚ್ಚಕ್ಕೆ ಒಪ್ಪುವವರಲ್ಲಿ ನಾನೂ ಒಬ್ಬ. ಆದರೆ ಅದು ವೆಚ್ಚವೆಂಬುದನ್ನು ಮರೆಮಾಚುವುದಕ್ಕೆ ಒಪ್ಪಲಾರೆ. ಖಾದಿಯನ್ನು ಹೆಚ್ಚು ಬೆಲೆಗೆ ಕೊಂಡವರು ತಾವೆಷ್ಟು ಕೊಡುತ್ತೇವೆ, ಯಾರಿಗೆ ಕೊಡುತ್ತೇವೆ ಎಂಬುದನ್ನು ಬಲ್ಲರು. ಆದುದರಿಂದಲೇ ಅದು ತ್ಯಾಗವಾಯಿತು. ಹೇಳದೆ ತೆಗೆದುಕೊಂಡದ್ದನ್ನು ತ್ಯಾಗವೆನ್ನಲಾಗದು.

ಇಷ್ಟರಿಂದ ನಾವು ಮಾಡತಕ್ಕದ್ದೇನು? ಯಾವ ಸುಂಕ ಬಂದರೂ ಮೂರು ಪ್ರಶ್ನೆಗಳನ್ನು ಕೇಳೋಣ. ಇದರಿಂದ ಒಂದು ಸಂಸಾರಕ್ಕೆ ವರ್ಷಕ್ಕೆಷ್ಟು ವೆಚ್ಚ? ಆ ಹಣದಲ್ಲಿ ಬೊಕ್ಕಸಕ್ಕೆಷ್ಟು, ಬೆಳೆಗಾರ ಮತ್ತು ಕೂಲಿಗಾರನಿಗೆಷ್ಟು, ನಡುವಿನವನಿಗೆಷ್ಟು? ಇದರ ಅವಧಿ ಎಲ್ಲಿಯ ತನಕ? ಮೂರನೆಯ ಪ್ರಶ್ನೆ ಹೊಸದಲ್ಲ. 1921–22ರ ಹಣಕಾಸಿನ ಆಯೋಗವೇ, ರಕ್ಷಣೆ ಪಡೆಯುವ ಉದ್ಯಮ ಮುಂದೊಂದು ದಿನ ರಕ್ಷಣೆಯಿಲ್ಲದೆ ಜಗತ್ತಿನ ಪೈಪೋಟಿಯನ್ನು ಎದುರಿಸಬಲ್ಲುದಾಗಿರಬೇಕೆಂದು ವಿಧಿಸಿತ್ತು. ಮಗುವಿಗೆ ಗೋಡೆ ಹಿಡಿದು ನಡೆಯಲು ಕಲಿಸುವೆವು. ಮೀಸೆ ಬಂದ ಮೇಲೂ ಅವನು ಗೋಡೆ ಬಿಡದಿದ್ದರೆ ವಿಚಾರಿಸಲೇಬೇಕು.

ಉಪಾಧ್ಯಾಯ ಮಹನೀಯರಲ್ಲಿ ಒಂದು ಪ್ರಾರ್ಥನೆ. ಶತಮಾನದ ಲೆಕ್ಕವನ್ನು ಕಲಿಸುವಾಗ ಒಮ್ಮೆ ಎಣ್ಣೆಯ ಲೆಕ್ಕವನ್ನು ಮಕ್ಕಳಿಗೆ ಕೊಡಿರಿ: ಬಂದರಿನಲ್ಲಿ ನೂರು ರೂಪಾಯಿಯ ಎಣ್ಣೆ, ನೂರಕ್ಕೆ 16.5 ಸುಂಕ, ಮನೆಗೆ ತಿಂಗಳಿಗೆ ಬೇಕಾದ ಎಣ್ಣೆಯಿಷ್ಟು, ಅಮ್ಮ ತೆತ್ತ ಸುಂಕವೆಷ್ಟು? ಉತ್ತರವನ್ನು ಮಗು ಮನೆಗೆ ಒಯ್ದು ಹೇಳಲಿ. ತಾನು ತೆರುವುದನ್ನು ತಿಳಿದ ಪ್ರಜೆಯ ಮುಂದೆ ಸುಂಕದವನೂ ಸುಖದುಃಖ ಕೇಳಬೇಕಾದೀತು.